ಮಳೆಗಾಲದ ಜಾಝ್ ಕೂಟಕ್ಕೆ ತಿನ್ನಲು ಏನು ಮಾಡಲಿ?

ಅಡಿಕೆಚಪ್ಪರ (ತೀರ್ಥಹಳ್ಳಿ ಹತ್ತಿರ)

ಎಲ್ಲರಿಗೂ ನಮಸ್ಕಾರ. ಬರುವ ಭಾನುವಾರ ನಮ್ಮ ಮನೆಯಲ್ಲಿ ಐದು ಜನ ಸೇರುತ್ತಿದ್ದೇವೆ. ಶಿವಮೊಗ್ಗದಿಂದ ಇಬ್ಬರು, ಕೊಪ್ಪದಿಂದ ಒಬ್ಬರು, ಪಕ್ಕದ ತೋಟದವರು, ಮತ್ತೆ ನಾನು. ಮಧ್ಯಾಹ್ನ ಮೂರಕ್ಕೆ ಕೂತರೆ ರಾತ್ರಿ ಊಟದ ತನಕ ಅಮೆರಿಕದ ಜಾಝ್ ಸಂಗೀತ ಕೇಳುವುದು, ಅಷ್ಟೇ. ತಿನ್ನಲು ಏನು ಮಾಡಲಿ ಅಂತ ನನ್ನ ಪ್ರಶ್ನೆ.

ಇದು ಸಣ್ಣ ವಿಷಯ ಅನಿಸಬಹುದು. ನನಗೆ ಹಾಗಲ್ಲ. ಹೋದ ಸಲ ಶಿವಮೊಗ್ಗದವರಿಗೆ ಇಷ್ಟ ಅಂತ ಮಿರ್ಚಿ ಮಂಡಕ್ಕಿ ಮಾಡಿದ್ದೆ. ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ 1959ರ ‘ಕೈಂಡ್ ಆಫ್ ಬ್ಲೂ’ ರೆಕಾರ್ಡ್ ಹಾಕಿದೆ. ಅದು ಶುರುವಾಗುವುದೇ ಬಿಲ್ ಇವಾನ್ಸ್ ಪಿಯಾನೊ, ಪಾಲ್ ಚೇಂಬರ್ಸ್ ಬಾಸ್ (ತಗ್ಗು ದನಿಯ ದೊಡ್ಡ ತಂತಿವಾದ್ಯ), ಇವೆರಡರಿಂದ. ಇಬ್ಬರು ಕತ್ತಲೆಯಲ್ಲಿ ಮೆಲ್ಲಗೆ ಮಾತಾಡಿಕೊಂಡ ಹಾಗಿರುತ್ತದೆ. ಹೆಚ್ಚು ಕಡಿಮೆ ಅರ್ಧ ನಿಮಿಷ. ಆ ಅರ್ಧ ನಿಮಿಷ ಪೂರ್ತಿ ಮಂಡಕ್ಕಿ ಕುರುಕುರು ಅಂದಿತು. ಆಮೇಲೆ ಬಾಸ್ ತಾನೇ ರಾಗ ಹಿಡಿದು ಬಂದಾಗಲೂ ಯಾರೋ ಬಟ್ಟಲು ಕೆದಕುತ್ತಿದ್ದರು. ನನಗೆ ನಿಜವಾಗಿ ಬೇಜಾರಾಯಿತು.

ಇನ್ನೊಂದು ತೊಂದರೆ ಮಳೆ. ನಮ್ಮ ಜಗಲಿಗೆ ತಗಡು ಹೊದಿಸಿದೆ. ಮಳೆ ಹಿಡಿದರೆ ಅಲ್ಲಿ ಪಕ್ಕದವರ ಮಾತೂ ಕೇಳುವುದಿಲ್ಲ. ಅದಕ್ಕೆ ಈ ಸಲ ನಡುಮನೆಯಲ್ಲಿ ಕೂರುತ್ತೇವೆ. ಮೇಲೆ ಹೆಂಚು, ಅದರ ಕೆಳಗೆ ಹಲಗೆಯ ಅಟ್ಟ, ಅಟ್ಟದಲ್ಲಿ ಅಡಿಕೆ ಚೀಲ. ಮಳೆಯ ಸದ್ದು ಅರ್ಧಕ್ಕರ್ಧ ಅಲ್ಲೇ ನಿಲ್ಲುತ್ತದೆ. ನಿನ್ನೆ ಒಬ್ಬನೇ ಕೂತು ಪರೀಕ್ಷೆ ಮಾಡಿದೆ. ಬಾಸ್ ಚೆನ್ನಾಗಿ ಕೇಳಿತು.

ಕರೆಂಟ್ ನಂಬುವ ಹಾಗಿಲ್ಲ. ಸ್ಪೀಕರ್ ಇನ್ವರ್ಟರ್ ಮೇಲೆ ಓಡುತ್ತದೆ, ಮಿಕ್ಸಿ ಓಡುವುದಿಲ್ಲ. ಹಾಗಾಗಿ ರುಬ್ಬುವುದೆಲ್ಲ ಬೆಳಿಗ್ಗೆಯೇ ಮುಗಿಯಬೇಕು. ಕೈಯಲ್ಲಿ ಹಿಡಿದು ತಿನ್ನುವಂಥದ್ದು, ಸದ್ದು ಮಾಡದ್ದು, ನನ್ನನ್ನು ಒಲೆ ಮುಂದೆ ನಿಲ್ಲಿಸದ್ದು ಏನಾದರೂ ಹೇಳಿ. ನನಗೂ ಕೂತು ಕೇಳಬೇಕು ಅಂತ ಆಸೆ, ಅಲ್ವಾ?

ಸಾಗರದಕ್ಕ

ಪತ್ರೊಡೆ ಮಾಡಿ. ಬೇರೆ ಯೋಚನೆಯೇ ಬೇಡ. ಈಗ ಕೆಸು ಎಳೆಯದಾಗಿ ಸಿಗುತ್ತದೆ. ನಿಮ್ಮ ಕಡೆ ಮರಕೆಸು ಸಿಕ್ಕರೆ ಇನ್ನೂ ಒಳ್ಳೆಯದು.

ಅಕ್ಕಿ ಮೂರು ತಾಸು ನೆನೆಸಿ. ಒಣಮೆಣಸು, ಕೊತ್ತಂಬರಿ ಬೀಜ, ಜೀರಿಗೆ, ಕಾಯಿತುರಿ, ಬೆಲ್ಲ, ಉಪ್ಪು, ಹುಣಸೆಹಣ್ಣು ಹಾಕಿ ರುಬ್ಬಿ. ಹುಣಸೆ ಕಡಿಮೆ ಮಾಡಬೇಡಿ, ಗಂಟಲು ತುರಿಸುತ್ತದೆ. ಹಿಟ್ಟು ಗಟ್ಟಿ ಇರಲಿ, ಎಲೆಗೆ ಬಳಿದರೆ ಇಳಿಯಬಾರದು. ಎಲೆಯ ಬೆನ್ನಿನ ದಪ್ಪ ನರವನ್ನು ಕತ್ತಿಯಿಂದ ಹೆರೆದು ತೆಗೆಯಿರಿ. ಅದನ್ನು ಹಾಗೇ ಉಳಿಸಿದರೆ ಸುರುಳಿ ಸರಿಯಾಗಿ ಕೂರುವುದಿಲ್ಲ. ದೊಡ್ಡ ಎಲೆ ಕೆಳಗೆ, ಚಿಕ್ಕದು ಮೇಲೆ, ಒಂದೊಂದಕ್ಕೂ ಹಿಟ್ಟು ಬಳಿದು ನಾಲ್ಕೈದು ಎಲೆ ಪೇರಿಸಿ. ಎರಡೂ ಬದಿ ಮಡಚಿ ಬಿಗಿಯಾಗಿ ಸುತ್ತಿ. ಮುಕ್ಕಾಲು ಗಂಟೆ ಹಬೆಯಲ್ಲಿ ಬೇಯಲಿ.

ಇದೆಲ್ಲ ಬೆಳಿಗ್ಗೆಯೇ ಆಗುತ್ತದೆ. ತಣ್ಣಗಾದ ಮೇಲೆ ಬಿಲ್ಲೆ ಕೊಯ್ದು ಇಟ್ಟುಕೊಳ್ಳಿ. ಸಂಜೆ ಕಾವಲಿಗೆ ಸ್ವಲ್ಪ ಕೊಬ್ಬರಿ ಎಣ್ಣೆ ಹಾಕಿ ಎರಡೂ ಕಡೆ ಕೆಂಪಗೆ ಮಾಡಿದರೆ ಮುಗಿಯಿತು. ಹತ್ತು ನಿಮಿಷದ ಕೆಲಸ. ಅಂಚು ಗರಿ, ಒಳಗೆ ಮೆತ್ತಗೆ. ಯಾರ ಕಿವಿಗೂ ತೊಂದರೆ ಇಲ್ಲ.

ನಾನು ಪತ್ರೊಡೆ ಸುತ್ತುವಾಗ ಯಾವಾಗಲೂ ಎಲಾ ಫಿಟ್ಜೆರಾಲ್ಡ್, ಲೂಯಿ ಆರ್ಮ್‌ಸ್ಟ್ರಾಂಗ್ ಜೊತೆಯಾಗಿ ಹಾಡಿದ 1956ರ ರೆಕಾರ್ಡ್ ಹಾಕುತ್ತೇನೆ. ಆಕೆಯ ದನಿ ನುಣುಪು, ಆತನದು ಒರಟು. ಹಿಂದೆ ಆಸ್ಕರ್ ಪೀಟರ್ಸನ್ ಪಿಯಾನೊ, ಎಲ್ಲೂ ಮುಂದೆ ಬರುವುದಿಲ್ಲ. ಕೈ ಹಿಟ್ಟಾಗಿರುವಾಗ ಹಾಡು ಬದಲಾಯಿಸಲು ಆಗುವುದಿಲ್ಲ ನೋಡಿ. ಅದರಲ್ಲಿ ಬದಲಾಯಿಸಬೇಕು ಅನಿಸುವ ಹಾಡೇ ಇಲ್ಲ.

ಗಾಂಧಿಬಜಾರ್

ಅಕ್ಕ ಆರ್ಮ್‌ಸ್ಟ್ರಾಂಗ್ ಹೆಸರು ತೆಗೆದರು, ನಾನು ಸುಮ್ನೆ ಇರಲಾರೆ. ಅವರು ಅಮೆರಿಕದ ನ್ಯೂ ಆರ್ಲಿಯನ್ಸ್‌ನವರು. ಅಲ್ಲಿ ಹಿಂದೆ ಸೋಮವಾರ ಬಂದರೆ ಮನೆಮನೆಯಲ್ಲೂ ಕೆಂಪು ಬೀನ್ಸ್ ಮತ್ತು ಅನ್ನ. ಸೋಮವಾರ ಬಟ್ಟೆ ಒಗೆಯುವ ದಿನ. ಬೀನ್ಸ್ ಒಲೆ ಮೇಲಿಟ್ಟರೆ ತಾನಾಗಿ ಬೇಯುತ್ತಿರುತ್ತದೆ, ಹೆಂಗಸರು ಅಷ್ಟರಲ್ಲಿ ಬಟ್ಟೆ ಮುಗಿಸುತ್ತಿದ್ದರು. ಆರ್ಮ್‌ಸ್ಟ್ರಾಂಗ್‌ಗೆ ಆ ಊಟದ ಮೇಲೆ ಎಷ್ಟು ಪ್ರೀತಿ ಅಂದರೆ, ಕಾಗದ ಬರೆದಾಗ ಕೊನೆಗೆ ‘ಇಂತಿ ನಿಮ್ಮ’ ಅನ್ನುವ ಜಾಗದಲ್ಲಿ ‘ರೆಡ್ ಬೀನ್ಸ್ ಅಂಡ್ ರೈಸ್‌ಲಿ ಯುವರ್ಸ್’ ಅಂತ ಬರೆದು ಸಹಿ ಹಾಕುತ್ತಿದ್ದರು.

ನಾನು ರಾಜ್ಮಾದಲ್ಲಿ ಮಾಡಿದ್ದೇನೆ. ಅವರು ಹಂದಿ ಮಾಂಸ ಹಾಕುತ್ತಾರೆ, ನಮ್ಮ ಮನೆಯಲ್ಲಿ ಆಗುವುದಿಲ್ಲ. ಈರುಳ್ಳಿ, ದೊಣ್ಣೆಮೆಣಸು, ಬೆಳ್ಳುಳ್ಳಿ ಚೆನ್ನಾಗಿ ಬಾಡಿಸಿ, ರಾತ್ರಿ ನೆನೆಸಿದ ಕಾಳು ಹಾಕಿ, ಮೊದಲು ಹತ್ತು ನಿಮಿಷ ಚೆನ್ನಾಗಿ ಕುದಿಸಿ, ಆಮೇಲೆ ಉರಿ ಸಣ್ಣಗೆ ಮಾಡಿ ಎರಡು ತಾಸು ಬಿಟ್ಟೆ. ಕುಕ್ಕರ್ ಬೇಡ, ಅದು ಸೀಟಿ ಹಾಕುತ್ತದೆ. ಕೊನೆಗೆ ಸೌಟಿನ ಹಿಂಬದಿಯಿಂದ ಸ್ವಲ್ಪ ಕಾಳು ಅರೆದರೆ ಸಾರು ತಾನೇ ದಪ್ಪ ಆಗುತ್ತದೆ. ಕೆಂಪಕ್ಕಿ ಅನ್ನಕ್ಕೆ ಬಹಳ ಹೊಂದುತ್ತದೆ. ಇದನ್ನು ರಾತ್ರಿ ಊಟಕ್ಕೆ ಇಟ್ಟುಕೊಳ್ಳಿ. ಮೂರಕ್ಕೆ ಒಲೆ ಮೇಲಿಟ್ಟು ಬಂದು ಕೂತುಬಿಡಿ.

ಮತ್ತೆ ಮಂಡಕ್ಕಿಯನ್ನು ಪೂರ್ತಿ ದೂರ ಮಾಡಬೇಡಿ ಸರ್. ಟ್ರಂಪೆಟ್ ವಾದಕ ಡಿಜ್ಜಿ ಗಿಲೆಸ್ಪಿ, ಸ್ಯಾಕ್ಸೊಫೋನ್ ವಾದಕ ಚಾರ್ಲಿ ಪಾರ್ಕರ್ 1945ರಲ್ಲಿ ಒಟ್ಟಿಗೆ ನುಡಿಸಿದ್ದನ್ನು ಹಾಕಿ. ಆ ವೇಗಕ್ಕೆ ಮಂಡಕ್ಕಿ ಏನೂ ಅಡ್ಡ ಬರುವುದಿಲ್ಲ.

ಹಳೇರೇಡಿಯೊ

ನಾನು ಕೊಪ್ಪದ ಕಡೆಯವನು, ವಯಸ್ಸು ಅರವತ್ತು ದಾಟಿದೆ. ನನಗೆ ಜಾಝ್ ಸಿಕ್ಕಿದ್ದು ಅಡಿಕೆ ಸುಲಿಯುವ ಚಪ್ಪರದಲ್ಲಿ.

ಆಗ ನಾನು ಹೈಸ್ಕೂಲು. ಕೊಯ್ಲಿನ ರಾತ್ರಿಗಳಲ್ಲಿ ಹತ್ತು ಹನ್ನೆರಡು ಜನ ಮೆಟ್ಟುಗತ್ತಿ ಮುಂದೆ ಕೂತು ಸುಲಿಯುತ್ತಿದ್ದರು. ನಿದ್ದೆ ಬರಬಾರದು ಅಂತ ಅಪ್ಪ ರೇಡಿಯೊ ಇಡುತ್ತಿದ್ದರು. ನಮ್ಮ ಸ್ಟೇಷನ್ ಮುಗಿದ ಮೇಲೆ ನಾನು ಸುಮ್ನೆ ಶಾರ್ಟ್‌ವೇವ್ ತಿರುಗಿಸುತ್ತಿದ್ದೆ. ಹಾಗೆ ಒಂದು ರಾತ್ರಿ ಅಮೆರಿಕ ಸರ್ಕಾರದ ರೇಡಿಯೊ ವಾಯ್ಸ್ ಆಫ್ ಅಮೆರಿಕಾದಲ್ಲಿ ವಿಲ್ಲಿಸ್ ಕಾನೋವರ್ ಸಿಕ್ಕರು. 1955ರಿಂದ ಅಲ್ಲಿ ಜಾಝ್ ಕಾರ್ಯಕ್ರಮ ನಡೆಸುತ್ತಿದ್ದವರು. ಬೇರೆ ದೇಶದವರಿಗೂ ತಿಳಿಯಲಿ ಅಂತ ಒಂದೊಂದು ಮಾತನ್ನೂ ನಿಧಾನವಾಗಿ, ಬಿಡಿಸಿ ಹೇಳುತ್ತಿದ್ದರು. ನನ್ನ ಇಂಗ್ಲಿಷಿಗೂ ಅದು ದಕ್ಕಿತು. ಸ್ಟೇಷನ್ ಅಲೆಯ ಹಾಗೆ ಬಂದು ಹೋಗುತ್ತಿತ್ತು. ಸ್ಯಾಕ್ಸೊಫೋನ್ ದೂರ ಹೋಗಿ, ಇನ್ನು ಸಿಗುವುದಿಲ್ಲ ಅನ್ನುವಾಗ ವಾಪಸ್ ಬರುತ್ತಿತ್ತು. ಸುಲಿಯುವವರು ಯಾರೂ ಬೇಡ ಅನ್ನಲಿಲ್ಲ. ಒಬ್ಬ ಅಜ್ಜ ಮಾತ್ರ ಕೇಳಿ ಕೇಳಿ, ‘ಇವರು ತಾಳಮದ್ದಲೆಯವರ ಹಾಗೆ ಕಾಣುತ್ತಾರಲ್ಲ ಮಾರಾಯ, ಪದ್ಯ ಒಂದೇ, ಅರ್ಥ ದಿನಕ್ಕೊಂದು’ ಅಂದರು. ಜಾಝ್ ನುಡಿಸುವವರೂ ಒಂದೇ ಹಾಡನ್ನು ಪ್ರತಿ ಸಲ ಹೊಸದಾಗಿ ಕಟ್ಟಿ ನುಡಿಸುತ್ತಾರಲ್ಲ. ಇಷ್ಟು ವರ್ಷದಲ್ಲಿ ಜಾಝ್ ಬಗ್ಗೆ ನಾನು ಕೇಳಿದ ಮಾತುಗಳಲ್ಲಿ ಅದೇ ದೊಡ್ಡದು.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ತಾಳಮದ್ದಲೆ ನಡೆಯುವಾಗ ಯಾರೂ ತಿಂಡಿ ತಟ್ಟೆ ಹಿಡಿದು ಕೂರುವುದಿಲ್ಲ. ಮಧ್ಯೆ ಬಿಡುವು ಕೊಟ್ಟು ಕಷಾಯ, ಅವಲಕ್ಕಿ ಕೊಡುತ್ತಾರೆ. ನೀವೂ ಹಾಗೇ ಮಾಡಿ. ಒಂದು ರೆಕಾರ್ಡ್ ಪೂರ್ತಿ ಕೇಳಿ, ಆಮೇಲೆ ತಿನ್ನಿ, ತಿನ್ನುತ್ತಾ ಅದರ ಬಗ್ಗೆ ಮಾತಾಡಿ. ಮಾತಿಗೆ ಜಾಗ ಇಲ್ಲದಿದ್ದರೆ ಐದು ಜನ ಸೇರಿ ಏನು ಬಂತು?

ಅಡಿಕೆಚಪ್ಪರ

ಹಳೇರೇಡಿಯೊ ಸರ್, ನಿಮ್ಮ ಕಾಗದ ಎರಡು ಸಲ ಓದಿದೆ. ಆ ಅಜ್ಜನ ಮಾತು ಭಾನುವಾರ ಎಲ್ಲರಿಗೂ ಹೇಳುತ್ತೇನೆ. ನೀವೂ ಬನ್ನಿ. ಕೊಪ್ಪದಿಂದ ಬರುವವರ ಕಾರಿನಲ್ಲಿ ಜಾಗ ಇದೆ.

ಹೀಗೆ ಮಾಡುತ್ತೇನೆ. ಮೊದಲು ಕೈಂಡ್ ಆಫ್ ಬ್ಲೂ, ಕೈಯಲ್ಲಿ ಏನೂ ಇಲ್ಲದೆ. ಹೋದ ಸಲದ ಅರ್ಧ ನಿಮಿಷ ನನಗೆ ವಾಪಸ್ ಬೇಕು. ಪಕ್ಕದ ತೋಟದವರು ಕರ್ನಾಟಕ ಸಂಗೀತ ಕಲಿತವರು. ಆ ರೆಕಾರ್ಡಿನ ಮೊದಲ ಹಾಡಿನ ಸ್ವರಗಳು ನಮ್ಮ ಖರಹರಪ್ರಿಯ ರಾಗದ್ದೇ ಅಂತ ಹೇಳಿದ್ದೇನೆ. ಹಾಡಿ ತೋರಿಸುತ್ತೇನೆ ಅಂದಿದ್ದಾರೆ. ಅದಾದ ಮೇಲೆ ಪತ್ರೊಡೆ, ಶುಂಠಿ ಕಷಾಯ.

ಎರಡನೆಯದು ಚಾರ್ಲಿ ಮರಿಯಾನೊ. ಅಮೆರಿಕದ ಸ್ಯಾಕ್ಸೊಫೋನ್ ವಾದಕ, ನಾದಸ್ವರ ಕಲಿತವರು. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ (ತಾಳವಾದ್ಯದ ಶಾಲೆ) ಜೊತೆ ‘ಜ್ಯೋತಿ’ ಅಂತ ರೆಕಾರ್ಡ್ ಮಾಡಿದ್ದಾರೆ, 1983ರದ್ದು. ಗಾಯಕಿ ಆರ್. ಎ. ರಮಾಮಣಿ ಅವರ ದನಿ ಮತ್ತು ಸ್ಯಾಕ್ಸೊಫೋನ್ ಅದರಲ್ಲಿ ಒಂದರ ಪಕ್ಕ ಒಂದು ಸಾಗುತ್ತವೆ. ಮಳೆ ಬರುವಾಗ ಅದನ್ನು ಕೇಳಬೇಕು ಅಂತ ಜೂನ್‌ನಿಂದ ಕಾಯುತ್ತಿದ್ದೇನೆ.

ರಾತ್ರಿಗೆ ರಾಜ್ಮಾ, ಕೆಂಪಕ್ಕಿ ಅನ್ನ, ಜೊತೆಗೆ ಅಪ್ಪೆಮಿಡಿ. ಮಂಡಕ್ಕಿ ಡಬ್ಬಿಯನ್ನು ಗಿಲೆಸ್ಪಿ ಬರುವ ತನಕ ಅಡುಗೆಮನೆಯಲ್ಲೇ ಇಡುತ್ತೇನೆ.

ಸಾಗರದಕ್ಕ, ಒಂದು ಸಂಶಯ. ಕೆಸುವಿನ ಎಲೆ ಹಿಂದಿನ ದಿನವೇ ಕೊಯ್ದರೆ ಬಾಡುತ್ತದಾ?

ಸಾಗರದಕ್ಕ

ಸ್ವಲ್ಪ ಬಾಡಬೇಕು. ಆಗಲೇ ಸುತ್ತುವಾಗ ಹರಿಯುವುದಿಲ್ಲ. ಶನಿವಾರ ಸಂಜೆ ಕೊಯ್ದು ಜಗಲಿಯಲ್ಲಿ ಹರಡಿ, ಮಳೆಯ ಎರಚಲು ತಾಗದ ಕಡೆ.