ತಮ್ಮನಿಗೆ ಬಂದ ಕಣ್ಣಿನ ಕಾಯಿಲೆ ನನಗೂ ಬರುತ್ತಾ?

ಪ್ರಶ್ನೆ: ಡಾಕ್ಟ್ರೇ, ನನ್ನ ತಮ್ಮನಿಗೆ 22 ವರ್ಷ, ನಾನು ಅವನ ಅಕ್ಕ. ಮೊದಲು ಬಲಗಣ್ಣು ಮಂಜಾಯಿತು, ನೋವೇ ಇರಲಿಲ್ಲ. ಎರಡು ತಿಂಗಳಲ್ಲಿ ಎಡಗಣ್ಣೂ ಹಾಗೇ. ಎದುರಿಗಿದ್ದವರ ಮುಖ ಕಾಣಲ್ಲ, ಅಕ್ಕಪಕ್ಕ ಕಾಣುತ್ತೆ ಅಂತಾನೆ. ರಕ್ತ ಪರೀಕ್ಷೆಯಲ್ಲಿ ‘ಎಲ್‌ಎಚ್‌ಒಎನ್, 11778’ ಅಂತ ಬಂದಿದೆ. ಸೋದರಮಾವನಿಗೂ ಹೀಗೇ ಆಗಿತ್ತು. ಅಮ್ಮ ಚೆನ್ನಾಗಿದ್ದಾರೆ. ನನಗೂ ಬರುತ್ತಾ? ತಮ್ಮನಿಗೆ ಮುಂದೆ ಹುಟ್ಟುವ ಮಕ್ಕಳಿಗೆ?

ಉತ್ತರ: ಮಕ್ಕಳ ವಿಷಯ ಮೊದಲು ಹೇಳುತ್ತೇನೆ, ಅದು ಸುಲಭ. ತಮ್ಮನಿಂದ ಅವನ ಮಕ್ಕಳಿಗೆ ಇದು ಹೋಗುವುದಿಲ್ಲ. ಎಲ್‌ಎಚ್‌ಒಎನ್ ಅಂದರೆ ವಂಶದಲ್ಲಿ ಬರುವ ಕಣ್ಣಿನ ನರದ ಕಾಯಿಲೆ. ಜೀವಕೋಶಕ್ಕೆ ಶಕ್ತಿ ತಯಾರಿಸಿಕೊಡುವ ಮೈಟೊಕಾಂಡ್ರಿಯದ ಡಿಎನ್‌ಎಯಲ್ಲಿ ಇದರ ದೋಷ ಇರುತ್ತದೆ; 11778 ಅನ್ನುವುದು ಆ ದೋಷ ಇರುವ ಜಾಗದ ಸಂಖ್ಯೆ. ಮೈಟೊಕಾಂಡ್ರಿಯ ಬರುವುದು ತಾಯಿಯಿಂದ ಮಾತ್ರ. ಅದಕ್ಕೇ ನಿಮ್ಮ ಸೋದರಮಾವನಿಗೂ ಬಂದಿದ್ದು.

ಅದೇ ಕಾರಣಕ್ಕೆ ನಿಮ್ಮಲ್ಲೂ ಆ ದೋಷ ಇರುವ ಸಾಧ್ಯತೆ ತುಂಬಾ ಜಾಸ್ತಿ. ಆದರೆ ದೋಷ ಇದ್ದವರೆಲ್ಲ ನೋಟ ಕಳೆದುಕೊಳ್ಳುವುದಿಲ್ಲ. ಗಂಡಸರಲ್ಲಿ ಸುಮಾರು ಅರ್ಧದಷ್ಟು ಜನ, ಹೆಂಗಸರಲ್ಲಿ ನೂರಕ್ಕೆ ಹತ್ತರಷ್ಟು. ನಿಮ್ಮ ಅಮ್ಮ ಉಳಿದ ತೊಂಬತ್ತರಲ್ಲಿದ್ದಾರೆ. ಲೇಬರ್ ಎಂಬ ಜರ್ಮನ್ ವೈದ್ಯರು 1871ರಲ್ಲೇ ಈ ಕಾಯಿಲೆಯನ್ನು ವಿವರಿಸಿದ್ದರು. 11778ರ ದೋಷ ಪತ್ತೆಯಾಗಿದ್ದು 1988ರಲ್ಲಿ.

ಪ್ರಶ್ನೆ: ಜೀನ್ ಚಿಕಿತ್ಸೆ ಇದೆಯಂತಲ್ಲ?

ಉತ್ತರ: ಪ್ರಯೋಗಗಳು ನಡೆದಿವೆ. ಮೈಟೊಕಾಂಡ್ರಿಯದ ಒಳಗೆ ಜೀನ್ ತೂರಿಸುವುದು ಕಷ್ಟ. ಹಾಗಾಗಿ 11778ರ ದೋಷ ಇರುವ ಎನ್‌ಡಿ4 ಎಂಬ ಜೀನಿನ ಸರಿಯಾದ ಪ್ರತಿಯನ್ನು ವೈರಸ್ ಮೂಲಕ ಜೀವಕೋಶದ ನ್ಯೂಕ್ಲಿಯಸ್‌ಗೆ ಕೊಡುತ್ತಾರೆ. ಅಲ್ಲಿಂದ ತಯಾರಾದ ಪ್ರೋಟೀನಿಗೆ ಮೈಟೊಕಾಂಡ್ರಿಯದ ವಿಳಾಸ ಅಂಟಿಸಿರುತ್ತಾರೆ. ವಿಚಿತ್ರ ಏನು ಗೊತ್ತಾ? ಒಂದೇ ಕಣ್ಣಿಗೆ ಇಂಜೆಕ್ಷನ್ ಕೊಟ್ಟರೂ ಎರಡೂ ಕಣ್ಣು ಸ್ವಲ್ಪ ಸುಧಾರಿಸಿದವು! ಹೋಲಿಸಲು ಬಿಟ್ಟಿದ್ದ ಕಣ್ಣೇ ಹೀಗೆ ಮಾಡಿದರೆ ಲೆಕ್ಕ ಹಾಕುವವರ ಗತಿ ನೋಡಿ.

ಐಡಿಬಿನೋನ್ ಎಂಬ ಮಾತ್ರೆಗೆ ಯುರೋಪಿಯನ್ ಒಕ್ಕೂಟ 2015ರಲ್ಲಿ ಒಪ್ಪಿಗೆ ಕೊಟ್ಟಿದೆ. ಕೆಲವರಿಗೆ ಒಂದಿಷ್ಟು ನೋಟ ಮರಳುತ್ತದೆ, ಎಲ್ಲರಿಗೂ ಅಲ್ಲ. ತಾನಾಗೇ ಚೇತರಿಸಿಕೊಳ್ಳುವುದು 14484 ಎಂಬ ಇನ್ನೊಂದು ಜಾಗದಲ್ಲಿ ದೋಷ ಇದ್ದವರಲ್ಲಿ ಜಾಸ್ತಿ, 11778ರವರಲ್ಲಿ ಕಡಿಮೆ. ಸುಮ್ನೆ ಆಸೆ ಹುಟ್ಟಿಸಲಾರೆ. ತಮ್ಮನ ಕಣ್ಣಿನ ಡಾಕ್ಟರ ಹತ್ತಿರ ಈ ಮಾತ್ರೆಯ ಬಗ್ಗೆ ಬೇಗ ಮಾತಾಡಿ, ತಡ ಬೇಡ.

ಪ್ರಶ್ನೆ: ನನಗೆ ಆರು ವರ್ಷದ ಮಗನಿದ್ದಾನೆ. ಈಗಲೇ ಪರೀಕ್ಷೆ ಮಾಡಿಸಲಾ?

ಉತ್ತರ: ಬೇಡ ಅನ್ನುತ್ತೇನೆ. ದೋಷ ಇದೆ ಅಂತ ಗೊತ್ತಾದರೂ ತಡೆಯುವ ಔಷಧ ಇಲ್ಲ. ದೊಡ್ಡವನಾದ ಮೇಲೆ ಅವನೇ ನಿರ್ಧರಿಸಲಿ. ಪರೀಕ್ಷೆ ಇಲ್ಲದೆಯೂ ಮಾಡಬಹುದಾದ್ದು ಇದೆ: ಸಿಗರೇಟು ಬೇಡ, ಮಿತಿಮೀರಿದ ಕುಡಿತ ಬೇಡ. ಇವೆರಡೂ ಅಪಾಯ ಹೆಚ್ಚಿಸುತ್ತವೆ. ಟಿಬಿಗೆ ಕೊಡುವ ಎಥಾಂಬ್ಯುಟಾಲ್ ಕಣ್ಣಿನ ನರಕ್ಕೆ ಹಾನಿ ಮಾಡಬಲ್ಲದು. ಮನೆಯಲ್ಲಿ ಯಾರಿಗಾದರೂ ಅದನ್ನು ಬರೆಯುವ ಪ್ರಸಂಗ ಬಂದರೆ ಈ ಕಾಯಿಲೆಯ ವಿಷಯ ಮೊದಲೇ ಹೇಳಿ. ತಮ್ಮ ಸೇದುತ್ತಾನಾ?

ಪ್ರಶ್ನೆ: ಹೂಂ, ಡಾಕ್ಟ್ರೇ.

ಉತ್ತರ: ಹಾಗಾದರೆ ಇವತ್ತೇ ಬಿಡಿಸಿ.