ಅಪ್ಪನ ರಕ್ತದ ರಿಪೋರ್ಟ್ ಒಂದು ಕಡೆಯಿಂದ ಇನ್ನೊಂದು ಕಡೆಗೆ ತಾನಾಗಿ ಹೋಗೋದಿಲ್ವಾ?

ಜಗಳೂರಿನವಳು:
ಅಪ್ಪನಿಗೆ ತುಂಬಾ ವರ್ಷದಿಂದ ಶುಗರ್, ಈಗ ಕಿಡ್ನಿ ಬೇರೆ ತೊಂದರೆ ಕೊಡುತ್ತಿದೆ. ಸೋಮವಾರ ನಮ್ಮ ಕಡೆ ಒಂದು ಲ್ಯಾಬಲ್ಲಿ ರಕ್ತ ಕೊಟ್ಟು, ಗುರುವಾರ ದಾವಣಗೆರೆಯಲ್ಲಿ ಡಾಕ್ಟರಿಗೆ ತೋರಿಸಲು ಹೋದೆವು. ಕಾಗದ ಮನೇಲೇ ಉಳಿದಿತ್ತು, ಮೊಬೈಲಲ್ಲಿ ಫೋಟೋ ಇತ್ತು, ಆದರೆ ಮಡಚಿದ ಗೆರೆ ಸರಿಯಾಗಿ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ಹೇಳುವ ಟೆಸ್ಟ್) ಸಾಲಿನ ಮೇಲೇ ಬಿದ್ದು ಅದು 1.3 ಇದೆಯೋ 1.8 ಇದೆಯೋ ಗೊತ್ತಾಗಲಿಲ್ಲ. ಎಲ್ಲಾ ಟೆಸ್ಟೂ ಮತ್ತೆ ಬರೆದರು. ಅಪ್ಪನಿಗೆ ನರ ಸಿಗುವುದೇ ಕಷ್ಟ, ಮೂರು ಸಲ ಚುಚ್ಚಿದರು. ನೋಡೋಕೆ ಆಗಲಿಲ್ಲ ನನಗೆ. ಸರ್ಕಾರದ ಆಭಾ ಆರೋಗ್ಯ ಕಾರ್ಡ್ ಮಾಡಿಸಿದ್ದೇವೆ, ಆ್ಯಪ್ ತೆಗೆದರೆ ಒಂದು ರಿಪೋರ್ಟೂ ಇಲ್ಲ. ಮತ್ತೆ ಅದು ಯಾಕೆ?

ಲ್ಯಾಬ್ ಕೆಲಸದವನು, ಹರಿಹರ:
ಅಕ್ಕ, ಆಭಾ ಅಂದರೆ 14 ಅಂಕಿಯ ಗುರುತು ಅಷ್ಟೇ. 2021ರಲ್ಲಿ ಶುರುವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ನದು. ರಿಪೋರ್ಟ್ ಅದರೊಳಗೆ ಇರೋದಿಲ್ಲ, ಮಾಡಿದ ಲ್ಯಾಬಿನ ಕಂಪ್ಯೂಟರಲ್ಲೇ ಇರುತ್ತದೆ. ಲ್ಯಾಬ್ ಆ ವ್ಯವಸ್ಥೆಗೆ ಸೇರಿರಬೇಕು, ಅವರ ಸಾಫ್ಟ್‌ವೇರ್ ಸೇರಿರಬೇಕು, ರಕ್ತ ಕೊಡುವಾಗ ಕೌಂಟರಲ್ಲಿ ನಿಮ್ಮ ನಂಬರ್ ಹಾಕಿಸಿರಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ರಿಪೋರ್ಟ್ ತಾನಾಗಿ ಆ್ಯಪಿಗೆ ಬರೋದಿಲ್ಲ. ಜನ ಕಾರ್ಡ್ ಪರ್ಸಲ್ಲಿ ಇಟ್ಟುಕೊಂಡು ಬರುತ್ತಾರೆ, ತೋರಿಸೋದೇ ಇಲ್ಲ. ನಮ್ಮವರೂ ಕೇಳೋದಿಲ್ಲ, ಅದು ನಮ್ಮ ತಪ್ಪೇ. ಎಲ್ಲಾ ಸೇರಿದ್ದರೆ ದಾವಣಗೆರೆಯ ಡಾಕ್ಟರ್ ಕೇಳಿದಾಗ ನಿಮ್ಮ ಮೊಬೈಲಿಗೆ ಒಪ್ಪಿಗೆ ಕೋರಿಕೆ ಬರುತ್ತದೆ. ಎಷ್ಟು ದಿನ ನೋಡಬಹುದು ಅನ್ನೋದೂ ನಿಮ್ಮ ಕೈಯಲ್ಲಿ, ಬೇಡ ಅನಿಸಿದರೆ ವಾಪಸ್ ತೆಗೆದುಕೊಳ್ಳಬಹುದು.

ಸಾಫ್ಟ್‌ವೇರ್ ಮಾಡುವವನು:
ಬರೀ ಪಿಡಿಎಫ್ ಬಂದರೆ ಅರ್ಧ ಕೆಲಸ ಮಾತ್ರ. ಒಬ್ಬರು "ಸೀರಮ್ ಕ್ರಿಯಾಟಿನಿನ್" ಅಂತಾರೆ, ಇನ್ನೊಬ್ಬರು "ಎಸ್. ಕ್ರಿಯಾಟ್", ಕಂಪ್ಯೂಟರಿಗೆ ಎರಡೂ ಬೇರೆ ಬೇರೆ. ಅದಕ್ಕೇ ಲೋಯಿಂಕ್ ಅಂತ ಪ್ರತಿ ಟೆಸ್ಟಿಗೂ ಒಂದು ಕೋಡ್ ಇದೆ. ಅಳತೆಯೂ ಜೊತೆಯಲ್ಲೇ ಹೋಗಬೇಕು: ಡೆಸಿಲೀಟರಿಗೆ 1.8 ಮಿಲಿಗ್ರಾಂ ಅಂದರೂ ಲೀಟರಿಗೆ 159 ಮೈಕ್ರೋಮೋಲ್ ಅಂದರೂ ಒಂದೇ ಕ್ರಿಯಾಟಿನಿನ್, ಸುಮ್ನೆ 159 ಅಂತ ಮಾತ್ರ ಕಂಡರೆ ಯಾರಾದರೂ ಗಾಬರಿಯಾಗುತ್ತಾರೆ ಅಲ್ವಾ? ಎಲ್ಲಾ ಸರಿಯಾಗಿ ಬಂದರೆ ಎರಡು ವರ್ಷದ ಕ್ರಿಯಾಟಿನಿನ್ ಒಂದೇ ಸಾಲಲ್ಲಿ ನೋಡಬಹುದು, ಕಿಡ್ನಿ ವಿಷಯದಲ್ಲಿ ಒಂದು ದಿನದ ನಂಬರಿಗಿಂತ ಅದು ಜಾಸ್ತಿ ಹೇಳುತ್ತದೆ.

ದುರ್ಗದ ಡಾಕ್ಟರ್:
ನಮ್ಮ ಪರವಾಗಿಯೂ ಒಂದು ಮಾತು. ಕೆಲವನ್ನು ಮತ್ತೆ ಮಾಡಲೇಬೇಕಾಗುತ್ತದೆ. ಕಿಡ್ನಿ ತೊಂದರೆ ಇರುವವರಲ್ಲಿ ಪೊಟ್ಯಾಸಿಯಂ ಬೇಗ ಏರಿಳಿಯುತ್ತದೆ, ರಕ್ತದ ಟ್ಯೂಬ್ ತುಂಬಾ ಹೊತ್ತು ಹಾಗೇ ಇಟ್ಟರೂ ಸುಳ್ಳು ಏರಿಕೆ ತೋರಿಸುತ್ತದೆ. ಆದರೆ ಎಚ್‌ಬಿಎ1ಸಿ ಹಿಂದಿನ ಎರಡು ಮೂರು ತಿಂಗಳ ಶುಗರ್ ಹೇಳುವ ಟೆಸ್ಟ್, ಸೋಮವಾರ ಮಾಡಿದ್ದನ್ನು ಗುರುವಾರ ಮತ್ತೆ ಮಾಡಿ ಏನೂ ಸಿಗೋದಿಲ್ಲ. ಹಳೆಯದು ಕಣ್ಣಿಗೆ ಬಿದ್ದಿದ್ದರೆ ಬಹುಶಃ ಬರೆಯುತ್ತಿರಲಿಲ್ಲ. ಸದ್ಯಕ್ಕೆ ಫೋಟೋ ಬೇಡ, ಲ್ಯಾಬಿನಿಂದಲೇ ಪಿಡಿಎಫ್ ಕೇಳಿ ತೆಗೆದುಕೊಂಡು ಡಿಜಿಲಾಕರಲ್ಲಿ ಹಾಕಿಡಿ. ರಕ್ತ ತೆಗೆಯುವವರಿಗೆ ಮೊದಲೇ "ನರ ಸಿಗೋದಿಲ್ಲ" ಅಂತ ಹೇಳಿ, ಅಪ್ಪನಿಗೆ ನೀರಿಗೆ ಮಿತಿ ಹೇಳಿಲ್ಲದಿದ್ದರೆ ಬೆಳಿಗ್ಗೆ ನೀರು ಕುಡಿಸಿ ಕರೆತನ್ನಿ.

ಜಗಳೂರಿನವಳು:
ನಮ್ಮ ಲ್ಯಾಬಿಗೆ ಈಗಷ್ಟೇ ಫೋನ್ ಮಾಡಿದೆ, ಆಭಾಗೆ ಇನ್ನೂ ಸೇರಿಲ್ಲವಂತೆ. ಪಿಡಿಎಫ್ ಮಾತ್ರ ಐದೇ ನಿಮಿಷದಲ್ಲಿ ಕಳಿಸಿದರು. 1.8 ಇತ್ತು.