ಎಸ್‌ಆರ್‌ಎಗೆ ಸಹಿ ಹಾಕುವ ಮುಂಚೆ ಏನೇನು ನೋಡಬೇಕು?

ಪ್ರಶ್ನೆ: ನಮಸ್ಕಾರ ಸರ್. ಮುಂಬೈ ಕುರ್ಲಾದ ನಮ್ಮ ಗಲ್ಲಿಗೆ ಎಸ್‌ಆರ್‌ಎ (ಕೊಳೆಗೇರಿ ಪುನರ್ವಸತಿ ಪ್ರಾಧಿಕಾರ) ಯೋಜನೆ ಬರ್ತಾ ಇದೆ, ಅಂದ್ರೆ ಝೋಪಡಿ ಒಡೆದು ಬಿಲ್ಡರ್ ಕಟ್ಟೋ ಕಟ್ಟಡದಲ್ಲಿ ಮನೆ ಕೊಡೋದು. ಕೆಳಗಿನ ಖೋಲಿ (ಕೋಣೆ) ತೀರಿಕೊಂಡ ಮಾವನವರ ಹೆಸರಲ್ಲಿದೆ, ಮೇಲಿನ ಮಾಳದಲ್ಲಿ ಮೈದುನನ ಸಂಸಾರ. ಎರಡು ಮನೆ ಸಿಗುತ್ತಾ? ಬಿಲ್ಡರ್ ಕಡೆಯವರು ಸಹಿಗೆ ಅವಸರ ಮಾಡ್ತಿದ್ದಾರೆ.

ಉತ್ತರ: ಸಿಗೋದು ಒಂದೇ ಮನೆ ಅಕ್ಕ. ಮೇಲಂತಸ್ತಿನ ವಾಸಕ್ಕೆ ಬೇರೆ ಹಕ್ಕಿಲ್ಲ. ಮೈದುನನಿಗೆ ಈಗಲೇ ಹೇಳಿಬಿಡಿ, ಬೀಗದ ಕೈ ಹಂಚುವ ದಿನ ಗೊತ್ತಾಗೋದು ಬೇಡ.

ಸಹಿಗಿಂತ ಮುಖ್ಯ ಪರಿಶಿಷ್ಟ-2, ಅಂದರೆ ಅರ್ಹರ ಪಟ್ಟಿ. ಝೋಪಡಿ 1-1-2000ಕ್ಕೆ ಮುಂಚಿನದು ಎಂದು ತೋರಿಸಿದರೆ 300 ಚದರಡಿ ಕಾರ್ಪೆಟ್ (ಗೋಡೆಗಳ ಒಳಗಿನ ಅಳತೆ) ಮನೆ ಉಚಿತ. ಆಮೇಲೆ 1-1-2011ರ ತನಕ ಬಂದವರು 2.5 ಲಕ್ಷ ರೂಪಾಯಿ ಕಟ್ಟಬೇಕು. ಆ ಕಾಲದ ಮತದಾರರ ಪಟ್ಟಿ, ಲೈಟ್ ಬಿಲ್, ಫೋಟೋಪಾಸ್ (ಝೋಪಡಿಯವರಿಗೆ ಸರ್ಕಾರ ಕೊಟ್ಟ ಫೋಟೋ ಗುರುತಿನ ಚೀಟಿ) ಹುಡುಕಿಡಿ. ನಮ್ಮವರಿಗೆ ತೊಡಕಾಗೋದು ಹೆಸರಲ್ಲೇ: ಊರಿನ ಕಾಗದದಲ್ಲಿ ಇನಿಷಿಯಲ್, ಇಲ್ಲಿನ ಪಟ್ಟಿಯಲ್ಲಿ ಅಪ್ಪನ ಹೆಸರು, ಅಡ್ಡಹೆಸರು. ಎರಡೂ ಹೆಸರು ಒಬ್ಬರದೇ ಎಂದು ಅಫಿಡವಿಟ್ ಮಾಡಿಸಿ. ಮಾವನವರ ಮರಣ ಪತ್ರ, ಉಳಿದ ವಾರಸುದಾರರ ಒಪ್ಪಿಗೆ ಪತ್ರವೂ ಬೇಕು. ಈ ಪಟ್ಟಿಗಾಗಿ ಮನೆ ಮನೆ ನೋಡುವ ಸರ್ವೆ ದಿನ ಮನೆಗೆ ಬೀಗ ಹಾಕಬೇಡಿ.

ಶೇ. 51 ಜನ ಒಪ್ಪಿದರೆ ಯೋಜನೆ ಮುಂದೆ ಹೋಗುತ್ತದೆ, ಆಮೇಲೆ ಒಪ್ಪದವರನ್ನೂ ತೆರವು ಮಾಡಿಸಬಹುದು. ಹಾಗಾಗಿ ಸುಮ್ಮನೆ ಬೇಡ ಅನ್ನೋದಕ್ಕಿಂತ ಷರತ್ತು ಬರೆಸಿಕೊಳ್ಳೋದು ಜಾಣತನ. ಖಾಲಿ ಕಾಗದಕ್ಕೆ ಮಾತ್ರ ಸಹಿ ಬೇಡವೇ ಬೇಡ.

ಪ್ರಶ್ನೆ: ಬಾಡಿಗೆ ಕೊಡ್ತೀವಿ, ಈಗಲೇ ಖಾಲಿ ಮಾಡಿ ಅಂತಾರಲ್ಲ?

ಉತ್ತರ: ಜನ ಬೀದಿಗೆ ಬೀಳೋದು ಇಲ್ಲೇ. 11 ತಿಂಗಳ ಚೆಕ್ ಕೊಟ್ಟು ಝೋಪಡಿ ಒಡೆಸುತ್ತಾರೆ, ಕಾಮಗಾರಿ ನಿಂತರೆ ಬಾಡಿಗೆಯೂ ನಿಲ್ಲುತ್ತದೆ, ಮರಳಲು ಗೋಡೆಯೂ ಇರೋದಿಲ್ಲ. ಈ ಕಾರಣಕ್ಕೇ ಎರಡು ವರ್ಷದ ಬಾಡಿಗೆ ಮುಂಗಡವಾಗಿ ಎಸ್‌ಆರ್‌ಎಯಲ್ಲಿ ಜಮಾ ಆಗಬೇಕು, ಮೂರನೆಯ ವರ್ಷಕ್ಕೆ ಮುಂದಿನ ತಾರೀಕಿನ ಚೆಕ್ ಎಂಬ ನಿಯಮ ಬಂದಿದೆ. ಆ ಜಮೆಯ ಕಾಗದ, ನಿಮ್ಮ ಹೆಸರಿನ ಕರಾರು, ಎರಡೂ ಕೈಗೆ ಬರುವ ತನಕ ಸಾಮಾನು ಕಟ್ಟಬೇಡಿ.

ಪ್ರಶ್ನೆ: ಯಾವ ಮಹಡಿ ಕೇಳಬೇಕು ಸರ್?

ಉತ್ತರ: ಮನೆ ಲಾಟರಿಯಲ್ಲಿ ಬರುತ್ತದೆ, ಕೇಳಿ ಪಡೆಯೋದಲ್ಲ. ಒಪ್ಪಿಗೆ ಕೊಡುವ ಮೊದಲೇ ನಕ್ಷೆ ತರಿಸಿ, ಕಟ್ಟಡಗಳ ನಡುವೆ ಎಷ್ಟು ಮೀಟರ್ ಬಿಟ್ಟಿದ್ದಾರೆ ನೋಡಿ. ಮುಂಬೈ ಗೋವಂಡಿಯ ಪುನರ್ವಸತಿ ಕಟ್ಟಡಗಳ ವಸತಿ ನಟವರ್ ಪಾರೇಖ್ ಕಾಂಪೌಂಡಿನಲ್ಲಿ ಬಿಟ್ಟಿರೋದು ಸುಮಾರು 3 ಮೀಟರ್. ಕೆಳಮಹಡಿಗಳಿಗೆ ಬಿಸಿಲಿಲ್ಲ, ಗಾಳಿಯಿಲ್ಲ, ಕ್ಷಯರೋಗ (ಟಿಬಿ) ಅಲ್ಲಿನ ಮನೆಗಳನ್ನು ಬಿಟ್ಟಿಲ್ಲ. ಕಟ್ಟಿದ ಮೇಲೆ ಆ ಅಂತರ ಯಾರಿಂದಲೂ ಹೆಚ್ಚಿಸಲು ಆಗೋದಿಲ್ಲ.